ಆರ್ಲ್‌ಬರಿ ಸಂತೆಯ ಮೂರು ಪೊಟ್ಟಣ

ಆರ್ಲ್‌ಬರಿಗೆ ನಾನು ನಲವತ್ತು ಸಲವಾದರೂ ಬಸ್ಸು ಓಡಿಸಿದ್ದೇನೆ. ಆದರೆ ಆ ಊರನ್ನು ನೋಡಿದ್ದೇನೆ ಎನ್ನಲು ನಾಚಿಕೆಯಾಗುತ್ತದೆ. ನನಗೆ ಗೊತ್ತಿದ್ದದ್ದು ಊರ ಕೆಳಗೆ ಬಸ್ಸು ನಿಲ್ಲಿಸುವ ಬಯಲು, ಅದರ ಮೂಲೆಯ ಶೌಚಾಲಯ, ಎದುರಿಗಿನ ಮೀನು ಚಿಪ್ಸ್ ಅಂಗಡಿ, ಇಷ್ಟೇ. ಕೋಟೆ, ಚರ್ಚು, ಕಲ್ಲುಕಂಬಗಳ ಮೇಲೆ ನಿಂತ ಹಳೆಯ ಸಂತೆಕಟ್ಟೆ ಎಲ್ಲವೂ ದಿಬ್ಬದ ಮೇಲೆ. ಜನ ಇಳಿದು ಹತ್ತಿಕೊಂಡು ಹೋಗುತ್ತಾರೆ. ನಾನು ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚುತ್ತೇನೆ. ಮೂರೂವರೆಗೆ ಅವರು ಜಾಮಿನ ಬಾಟಲಿ, ಟವಲು, ಯಾರಿಗೂ ಬೇಡದ ಹಿತ್ತಾಳೆ ಗಂಟೆ ಹಿಡಿದುಕೊಂಡು ಬರುತ್ತಾರೆ. ತಲೆ ಎಣಿಸಿ ಹೊರಡುತ್ತೇನೆ. ಮೂವತ್ತೊಂದು ವರ್ಷದಿಂದ ಇದೇ ಕೆಲಸ.

ಕಳೆದ ಅಕ್ಟೋಬರಿನ ಆ ಗುರುವಾರ ಮೈಯಲ್ಲಿ ಕಸುವೇ ಇರಲಿಲ್ಲ. ಸತತ ಐದು ದಿನ ಬೆಳಗಿನ ಐದಕ್ಕೆ ಎದ್ದಿದ್ದೆ. ಸೊಂಟದಲ್ಲಿ ಶುರುವಾದ ನೋವು ಎಡಗಾಲಿನ ಕಿರುಬೆರಳಿನವರೆಗೂ ಇಳಿದಿತ್ತು. "ಒಂದಿನ ರಜೆ ಹಾಕು ಲೆನ್. ನೀನಿಲ್ದೆ ಬಸ್ಸು ಓಡಲ್ವಾ?" ಎಂದಿದ್ದಳು ಹೆಂಡತಿ ಪಾಲೀನ್. "ಓಡುತ್ತೆ, ಅದೇ ನನ್ನ ಭಯ" ಎಂದು ಎದ್ದು ಬಂದಿದ್ದೆ.

ಅಂದು ಬಸ್ಸಿನಲ್ಲಿದ್ದವರು ಡಡ್ಲಿಯ ಹಿರಿಯರ ಕ್ಲಬ್ಬಿನ ನಲವತ್ತೆರಡು ಮಂದಿ. ಅವರ ಮುಖಂಡೆ ಗ್ವೆಂಡಾ ಪಾರ್ಕ್ಸ್. ಕೊರಳಲ್ಲಿ ಸೀಟಿ, ಕೈಯಲ್ಲಿ ಹೆಸರಿನ ಪಟ್ಟಿ. ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು, ಆದರೆ ನಿವೃತ್ತಿಯಾದದ್ದನ್ನು ಅವಳಿಗೆ ಯಾರೂ ಹೇಳಿಲ್ಲವೇನೋ ಎಂಬಂತೆ ಇರುತ್ತಾಳೆ. ನನ್ನ ಬೆನ್ನಿಗಿದ್ದ ಸೀಟಿನಲ್ಲಿ ಎನಿಡ್ ಮಾರ್ಸ್ಟನ್ ಕೂತಿದ್ದಳು. ಎಪ್ಪತ್ತಾರು ವರ್ಷ, ಸಣ್ಣ ಮೈಕಟ್ಟು, ಕಡುನೀಲಿಯ ಒಳ್ಳೆ ಕೋಟು, ಕಾಲಲ್ಲಿ ಹೊಚ್ಚಹೊಸ ಶೂ. ಉಳಿದವರೆಲ್ಲ ದಾರಿಯುದ್ದಕ್ಕೂ ಮಿಠಾಯಿ ಹಂಚಿಕೊಳ್ಳುತ್ತಿದ್ದರೆ ಅವಳು ಒಂದು ಮಾತೂ ಆಡಲಿಲ್ಲ. ಗುಡ್ಡಗಳು ಕಾಣತೊಡಗಿದಾಗ ಮಾತ್ರ ಮುಂದಕ್ಕೆ ಬಗ್ಗಿ ಕೇಳಿದಳು.

"ಎಷ್ಟು ಹೊತ್ತು ನಿಲ್ಲಿಸ್ತೀರಾ?"

"ಮೂರೂವರೆವರೆಗೂ, ಮಿಸೆಸ್ ಮಾರ್ಸ್ಟನ್."

"ಅಷ್ಟು ಹೊತ್ತಾ" ಎಂದಳು. ಹೆಚ್ಚಾಯಿತು ಎನ್ನುವ ಧ್ವನಿಯೋ ಸಾಲದು ಎನ್ನುವ ಧ್ವನಿಯೋ ತಿಳಿಯಲಿಲ್ಲ.

ಎಲ್ಲರೂ ಇಳಿದು ಹೋದ ಮೇಲೆ ಫ್ಲಾಸ್ಕಿನ ಟೀ ಕುಡಿದು, ಮುಖದ ಮೇಲೆ ಪತ್ರಿಕೆ ಹೊದ್ದುಕೊಂಡು ಮಲಗಿದೆ. ನಿದ್ದೆ ಹತ್ತಿ ಹತ್ತು ನಿಮಿಷವಾಗಿರಬೇಕು, ಯಾರೋ ಬಾಗಿಲು ಬಡಿದರು. ಎನಿಡ್ ನಿಂತಿದ್ದಳು, ಕೈಯಲ್ಲಿ ಕಾಗದದ ಪೊಟ್ಟಣ.

"ಇದನ್ನ ಇಲ್ಲಿಟ್ಟು ಹೋಗ್ಲಾ? ಚೀಸು. ಹೊತ್ಕೊಂಡು ಓಡಾಡೋಕಾಗಲ್ಲ."

ಸೀಟಿನ ಮೇಲೆ ಇಟ್ಟು ಹೋದಳು. ಮತ್ತೆ ಕಣ್ಣು ಮುಚ್ಚಿದೆ. ಮುಕ್ಕಾಲು ಗಂಟೆಯಲ್ಲಿ ಮತ್ತೆ ಬಡಿತ. ಮತ್ತೊಂದು ಪೊಟ್ಟಣ, ಅದೇ ಚೀಸು. ಒಂದೂವರೆಗೆ ಮೂರನೆಯ ಸಲ ಬಂದಾಗ ಮಾತ್ರ ತಡೆಯಲಾಗಲಿಲ್ಲ.

"ಮಿಸೆಸ್ ಮಾರ್ಸ್ಟನ್, ಡಡ್ಲಿಗೇನು ಬರಗಾಲ ಬಂದಿದ್ಯಾ?"

ಅವಳು ನಗಲಿಲ್ಲ. ದಿಬ್ಬ ಹತ್ತಿಳಿದು ಕೆನ್ನೆ ಕೆಂಪಾಗಿತ್ತು, ಕುಂಟುತ್ತಿದ್ದಳು. "ಅರ್ಧ ಪೌಂಡು ಕೇಳಿದ್ರೆ ಮುಕ್ಕಾಲು ಪೌಂಡು ತೂಗಿ ಕೊಡ್ತಾನೆ. ಮೂರು ಸಲಾನೂ" ಎಂದಷ್ಟೇ ಹೇಳಿ, ಸಂತೆಯ ಕಡೆಗೇ ತಿರುಗಿ ನಡೆದಳು. ವಯಸ್ಸಾದವರ ವಿಚಿತ್ರಗಳು ನೂರಿರುತ್ತವೆ ಎಂದುಕೊಂಡು ಮತ್ತೆ ಪತ್ರಿಕೆ ಎಳೆದುಕೊಂಡೆ. ನಿದ್ದೆ ಬರಲಿಲ್ಲ. ಸುಮ್ಮನೆ ಬಿದ್ದುಕೊಂಡಿದ್ದೆ.

ಮೂರೂವರೆಗೆ ಗ್ವೆಂಡಾ ಎಣಿಸಿದಳು, ನಲವತ್ತೊಂದು. ಇನ್ನೊಮ್ಮೆ ಎಣಿಸಿದಳು, ನಲವತ್ತೊಂದೇ.

"ಎನಿಡ್! ಬೆಳಗ್ಗೆ ನಾನೇ ಅವಳ ಕೈಗಡಿಯಾರ ಸರಿ ಮಾಡಿಕೊಟ್ಟಿದ್ದೆ. ಫೋನೂ ತಂದಿಲ್ಲ, ಮಹಾರಾಣಿ."

"ಹಿಂದುಗಡೆ ಪಬ್ಬಿಗೆ ಹೋಗಿರ್ತಾಳೆ ಬಿಡಿ" ಎಂದ ಹಿಂದಿನ ಸೀಟಿನ ಮುದುಕನೊಬ್ಬ. "ಹಂಗಿದ್ರೆ ನನ್ನೂ ಕರೀಬಹುದಿತ್ತು."

ಹದಿನೈದು ನಿಮಿಷ ಕಾದೆವು. ಗಾಡಿ ಓಡಿದ ಹೊತ್ತು, ನಿಂತ ಹೊತ್ತು ಎರಡನ್ನೂ ಗುರುತು ಮಾಡಿಕೊಳ್ಳುವ ಯಂತ್ರ ನನ್ನೆದುರು ಮಿನುಗುತ್ತಿತ್ತು. ಇನ್ನು ತಡವಾದರೆ ಡಿಪೋದಲ್ಲಿ ಉತ್ತರ ಹೇಳಬೇಕಾದವನು ನಾನು. ಗ್ವೆಂಡಾಳನ್ನು ಕಾವಲಿಗೆ ಬಿಟ್ಟು, ನಲವತ್ತು ಸಲ ಹತ್ತದ ದಿಬ್ಬವನ್ನು ಅಂದು ಹತ್ತಿದೆ. ದುಂಡುಗಲ್ಲು ಹಾಸಿದ ಬೀದಿ. ಪ್ರತಿ ಹೆಜ್ಜೆಗೂ ಸೊಂಟದಲ್ಲಿ ಸೂಜಿ. ಎರಡೂ ಕಡೆ ಕಪ್ಪು ಮರದ ತೊಲೆಗಳ ವಾಲಿದ ಮನೆಗಳು. ಅವನ್ನು ನೋಡಲು ಜನ ದೂರದಿಂದ ಬರುತ್ತಾರೆ. ನನಗೆ ಅವೂ ನನ್ನ ಹಾಗೇ ಸುಸ್ತಾಗಿ ಒಂದಕ್ಕೊಂದು ಒರಗಿಕೊಂಡು ನಿಂತಿವೆ ಎನ್ನಿಸಿತು.

ಸಂತೆ ಮುಗಿಯುತ್ತಿತ್ತು. ಸಂತೆಕಟ್ಟೆಯ ಸುತ್ತ ಮಳಿಗೆಯವರು ಟಾರ್ಪಾಲು ಮಡಿಸುತ್ತಿದ್ದರು. ಚಹಾ ಅಂಗಡಿ, ಪುಸ್ತಕದಂಗಡಿ, ಉಣ್ಣೆಯ ಅಂಗಡಿ, ಎಲ್ಲೂ ಎನಿಡ್ ಇರಲಿಲ್ಲ. ಕೊನೆಗೆ ಚರ್ಚಿನ ಅಂಗಳಕ್ಕೆ ಹೋದೆ. ಅಲ್ಲಿ ಗೋಡೆಯ ಬದಿಯ ಬೆಂಚಿನ ಮೇಲೆ ಕೂತಿದ್ದಳು. ಒಂದು ಶೂ ಬಿಚ್ಚಿ ಪಕ್ಕದಲ್ಲಿಟ್ಟಿದ್ದಳು. ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಅಲ್ಲಿಂದ ಕೆಳಗೆ ಇಡೀ ಸಂತೆ ಕಾಣುತ್ತಿತ್ತು.

"ಬಸ್ಸು ಹೊರಡಬೇಕು, ಮಿಸೆಸ್ ಮಾರ್ಸ್ಟನ್."

"ಗೊತ್ತು. ಕಾಲೂರೋಕಾಗ್ತಿಲ್ಲ." ಶೂ ಆಚೆ ಸರಿಸುತ್ತ, "ಅದೊಂದೇ ಅಲ್ಲ" ಎಂದಳು.

ನಾನೂ ಬೆಂಚಿನ ಮೇಲೆ ಕೂತೆ. ಕೂರುವುದಕ್ಕೆ ಕಾರಣ ಸಿಕ್ಕಿತಲ್ಲ ಎಂದೇ ಸಮಾಧಾನವಾಯಿತು. ಅವಳು ಬೆರಳು ತೋರಿಸಿದಳು. ಪಟ್ಟೆ ಪಟ್ಟೆಯ ಟಾರ್ಪಾಲಿನ ಕೆಳಗೆ ಚೀಸು ಮಾರುವ ಮಳಿಗೆ, ಅದರ ಹಿಂದೆ ಕಂದು ಟೋಪಿಯ ಎತ್ತರದ ಮುದುಕ.

"ಅವನು ನನ್ನ ತಮ್ಮ. ಐವರ್ ಪ್ರೊಸರ್. ಇಪ್ಪತ್ತಮೂರು ವರ್ಷದಿಂದ ಮಾತಿಲ್ಲ. ಇವತ್ತು ಮೂರು ಸಲ ಹೋಗಿ ಎದುರಿಗೆ ನಿಂತೆ. ಮೂರು ಸಲಾನೂ ಚೀಸು ಕೇಳ್ಕೊಂಡು ಬಂದೆ."

ಆಮೇಲೆ ಹೇಳಿದಳು, ಹೆಚ್ಚು ಎತ್ತರಿಸದ ದನಿಯಲ್ಲಿ. ಊರಾಚೆ ನಾಲ್ಕು ಮೈಲಿಯ ಹೊಲಮನೆಯಲ್ಲಿ ಅವರಿಬ್ಬರೂ ಹುಟ್ಟಿದ್ದು. ಅಪ್ಪನ ನಂತರ ಐವರ್ ಹಾಲಿನ ಹಸು ಸಾಕಿಕೊಂಡಿದ್ದ, ಎಂಬತ್ತನಾಲ್ಕು. ಎನಿಡ್ ಮದುವೆಯಾದದ್ದು ರೊನಾಲ್ಡ್ ಮಾರ್ಸ್ಟನ್ ಎಂಬ ಪಶುವೈದ್ಯನನ್ನು. ಎರಡು ಸಾವಿರದ ಒಂದರಲ್ಲಿ ಕಾಲುಬಾಯಿ ರೋಗ ಬಂತಲ್ಲ, ಆ ವಸಂತ. ಪಕ್ಕದ ಹೊಲದಲ್ಲಿ ರೋಗ ಕಂಡಿತು. ಐವರ್‌ನ ಕೊಟ್ಟಿಗೆಯಲ್ಲಿ ಒಂದೇ ಒಂದು ಹಸುವಿಗೂ ಇರಲಿಲ್ಲ. ಆದರೂ ಅಕ್ಕಪಕ್ಕದ ದನಗಳನ್ನೆಲ್ಲ ಕೊಲ್ಲಬೇಕೆಂದು ಆಜ್ಞೆಯಾಯಿತು. ಆ ಕಾಗದ ಹಿಡಿದು, ಬಿಳಿ ನಿಲುವಂಗಿ ತೊಟ್ಟು ಅಂಗಳಕ್ಕೆ ಬಂದವನು ರೊನಾಲ್ಡ್.

"ಬೇರೆ ಯಾರಾದ್ರೂ ಬಂದಿದ್ರೆ ಸಹಿಸ್ತಿದ್ನೇನೋ" ಎಂದಳು ಎನಿಡ್. "ಭಾವನೇ ಬಂದ. ಅವತ್ತು ಸಂಜೆ ಐವರ್ ಫೋನ್ ಮಾಡಿ, ನೀವಿಬ್ರೂ ಈ ಹೊಸ್ತಿಲು ತುಳೀಬೇಡಿ ಅಂದ. ತುಳೀಲಿಲ್ಲ."

"ಈಗ ಯಾಕೆ ಬಂದ್ರಿ?"

"ರೊನಾಲ್ಡ್ ಫೆಬ್ರುವರೀಲಿ ತೀರ್ಹೋದ. ತಮ್ಮನಿಗೆ ಒಂದು ಮಾತು ಹೇಳೋದಿತ್ತು. ಇಲ್ಲಿ ಮಳಿಗೆ ಇಟ್ಟಿದ್ದಾನೆ ಅಂತ ಸೋದರತ್ತೆ ಮಗಳು ಕಾರ್ಡಲ್ಲಿ ಬರೆದಿದ್ಲು. ಒಬ್ಬಳೇ ಬರೋ ಧೈರ್ಯ ಇರ್ಲಿಲ್ಲ. ಕ್ಲಬ್ಬಿನ ಬಸ್ಸಾದ್ರೆ ವಾಪಸ್ ಹೋಗೋಕೆ ನೆಪ ಇರುತ್ತಲ್ಲಪ್ಪ." ಸುಲಿದ ಹಿಮ್ಮಡಿಯನ್ನು ನೋಡಿಕೊಂಡಳು. "ಅವನಿಗೆ ನನ್ನ ಗುರುತೇ ಸಿಗ್ಲಿಲ್ಲ. ಅಷ್ಟು ಮುದುಕಿ ಆಗಿದೀನಾ?"

ನನಗೆ ಬೇಕಾಗಿದ್ದದ್ದು ಮನೆಗೆ ಹೋಗಿ ಬಿಸಿನೀರಿನ ಚೀಲ ಸೊಂಟಕ್ಕಿಟ್ಟುಕೊಂಡು ಮಲಗುವುದು, ಅಷ್ಟೇ. ಇನ್ನೊಬ್ಬರ ಮನೆಯ ಜಗಳ ಹೊರುವ ಶಕ್ತಿ ನನ್ನಲ್ಲಿರಲಿಲ್ಲ. ಆದರೆ ಈಕೆಯನ್ನು ಹೊತ್ತುಕೊಂಡು ದಿಬ್ಬ ಇಳಿಯುವುದೂ ಆಗದು. ಕೆಳಗಿದ್ದ ತಮ್ಮನ ಹತ್ತಿರ ಪೆಟ್ಟಿಗೆಗಳನ್ನು ಪೇರಿಸಿ, ಹಿಂದಕ್ಕೆ ವಾಲಿಸಿ ಸಾಗಿಸುವ ಎರಡು ಗಾಲಿಯ ತಳ್ಳುಗಾಡಿ ಕಂಡಿತು. ನಿಜ ಹೇಳಬೇಕೆಂದರೆ ನಾನು ಹೋದದ್ದು ಆ ಗಾಡಿಗಾಗಿ.

ಐವರ್ ಟಾರ್ಪಾಲಿನ ಹಗ್ಗ ಸುತ್ತುತ್ತಿದ್ದ. "ನಿಮ್ಮ ಅಕ್ಕ ಮೇಲೆ ಕೂತಿದಾರೆ. ಶೂ ಕಚ್ಚಿ ಕಾಲು ರಕ್ತ ಆಗಿದೆ. ಆ ಗಾಡಿ ಸ್ವಲ್ಪ ಕೊಡ್ತೀರಾ?" ಎಂದೆ.

ಅವನು ತಲೆಯೆತ್ತಲಿಲ್ಲ. ಹಗ್ಗ ಸುತ್ತುತ್ತಲೇ ಇದ್ದ. "ಗೊತ್ತು. ಹನ್ನೊಂದೂವರೆಯಿಂದ ಗೊತ್ತು."

"ಗುರುತು ಸಿಕ್ತಾ?"

"ಅಮ್ಮನ ನಡಿಗೆ. ಬೀದಿ ಆ ಕೊನೇಲಿ ಬರುವಾಗಲೇ ಸಿಕ್ತು."

"ಮತ್ತೆ ಮಾತಾಡಿಸ್ಲಿಲ್ಲ?"

"ಅವಳು ಮಾತಾಡಿಸಿದ್ಲಾ?" ಈಗ ತಲೆಯೆತ್ತಿದ. ಕಣ್ಣಿನ ಕೆಳಗೆ ಚೀಲದಂತೆ ಜೋತಿತ್ತು. "'ಅರ್ಧ ಪೌಂಡು ಕೊಡಿ' ಅಂದ್ಲು. ಕೊಡಿ ಅಂತೆ! ನನಗೆ! ತೊಟ್ಟಿಲಲ್ಲಿದ್ದಾಗಿಂದ ನನ್ನ ಕಿವಿ ಹಿಂಡಿದೋಳು. ಮೂರು ಸಲಾನೂ ಕೊಡಿ, ಥ್ಯಾಂಕ್ಸ್, ಬರ್ತೀನಿ. ನಾನೇನು ಮಾಡ್ಲಿ? ಜಾಸ್ತಿ ತೂಗಿ ಕೊಟ್ಟೆ. ನಮ್ಮೋರು ಬಂದ್ರೆ ನಮ್ಮಪ್ಪ ಸಂತೇಲಿ ಹಂಗೇ ಮಾಡ್ತಿದ್ದ. ಅರ್ಥ ಮಾಡ್ಕೋತಾಳೆ ಅಂದ್ಕೊಂಡೆ."

"ಅವರಿಗೆ ನಿಮ್ಮ ಹತ್ರ ಏನೋ ಹೇಳೋದಿದೆಯಂತೆ."

"ನನಗೆ ಕೇಳೋ ಶಕ್ತಿ ಇಲ್ಲ ಕಣಯ್ಯ" ಎಂದ. "ಬೆಳಗ್ಗೆ ನಾಲ್ಕಕ್ಕೆ ಎದ್ದಿದೀನಿ."

"ನಾನು ಐದಕ್ಕೆ. ನಡೀರಿ, ಗಾಡಿ ನೀವೇ ತಳ್ಳಿ. ನನ್ನ ಸೊಂಟ ಬಿದ್ದುಹೋಗಿದೆ."

ಏಕೆ ಒಪ್ಪಿದನೋ ತಿಳಿಯದು. ಬಹುಶಃ ಬೇಡ ಎಂದು ವಾದಿಸುವುದಕ್ಕಿಂತ ತಳ್ಳುವುದೇ ಸುಲಭ ಎನ್ನಿಸಿರಬೇಕು. ಪಕ್ಕದ ಮಳಿಗೆಯವಳಿಗೆ ಸಾಮಾನು ನೋಡಿಕೊಳ್ಳಲು ಹೇಳಿ, ಗಾಡಿ ಉರುಳಿಸಿಕೊಂಡು ನನ್ನ ಹಿಂದೆ ಬಂದ. ಕಲ್ಲುಗಳ ಮೇಲೆ ಅದರ ಸದ್ದು ಊರೆಲ್ಲ ಕೇಳುವಂತಿತ್ತು. ನಾವು ಅಂಗಳದ ಗೇಟು ದಾಟುವಾಗ ಎನಿಡ್ ಎದ್ದು ನಿಲ್ಲಲು ಹೋಗಿ ಮತ್ತೆ ಕೂತಳು.

ಇಪ್ಪತ್ತಮೂರು ವರ್ಷದ ಮೇಲೆ ಅಕ್ಕನಿಗೆ ತಮ್ಮ ಆಡಿದ ಮೊದಲ ಮಾತು ಇದು:

"ಈ ಶೂ ಯಾಕೆ ಹಾಕ್ಕೊಂಡು ಬಂದೆ?"

"ಹೊಸದು."

"ಅದು ಕಾಣ್ತಿದೆ."

ನಾನು ಸ್ವಲ್ಪ ದೂರದ ಸಮಾಧಿ ಕಲ್ಲಿಗೆ ಒರಗಿ ನಿಂತೆ. ದೂರವೆಂದರೂ ಮಾತು ಕೇಳುತ್ತಿತ್ತು, ಇನ್ನೂ ಆಚೆ ಹೋಗುವಷ್ಟು ಕಾಲು ಬರಲಿಲ್ಲ.

"ರೊನಾಲ್ಡ್ ಹೋದ" ಎಂದಳು ಎನಿಡ್.

"ಕೇಳಿದೆ."

"ಒಂದು ವಿಷಯ ನಿನಗೆ ಗೊತ್ತಿಲ್ಲ. ಅವತ್ತು ಅವನನ್ನ ಯಾರೂ ಕಳಿಸಿರ್ಲಿಲ್ಲ. ನಿನ್ನ ಹೊಲಕ್ಕೆ ಬೇರೆ ತಂಡ ಹೋಗೋದಿತ್ತು. ಹಿಂದಿನ ದಿನ ಆ ತಂಡ ಇನ್ನೊಂದು ಕಡೆ ಹೋದಾಗ ದನಗಳು ಬೆದರಿ ಅಂಗಳ ತುಂಬ ಓಡಿ, ಮಧ್ಯಾಹ್ನದವರೆಗೂ ಮುಗಿದಿರ್ಲಿಲ್ಲ. ಅದನ್ನ ಕೇಳಿ ಇವನು ಹೋಗಿ ಬೇಡ್ಕೊಂಡ. ಐವರ್‌ನ ಹಸುಗಳ್ನ ನಾನೇ ನೋಡ್ಕೋತೀನಿ, ಅವು ನನ್ನ ಗುರುತು ಹಿಡೀತವೆ, ಹೆದರಲ್ಲ ಅಂತ."

ಐವರ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಒಂದೊಂದಕ್ಕೂ ಮೊದಲು ಮಂಪರಿನ ಸೂಜಿ ಹಾಕಿದ. ಒಂದೊಂದರ ಕೊರಳು ಹಿಡ್ಕೊಂಡು ನಿಂತಿದ್ದ. ನಿನಗೆ ನೆನಪಿರ್ಬೇಕು."

"ಒಂದೂ ಕೂಗ್ಲಿಲ್ಲ" ಎಂದ ಐವರ್ ನಿಧಾನವಾಗಿ. "ಎಂಬತ್ತನಾಲ್ಕರಲ್ಲಿ ಒಂದೂ ಕೂಗ್ಲಿಲ್ಲ. ಎಲ್ಲಾ ಕಡೆ ಹಂಗೇ ಇರುತ್ತೆ ಅಂದ್ಕೊಂಡಿದ್ದೆ."

"ಇರಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನನ್ನಿಂದ ಮಾತು ತಗೊಂಡಿದ್ದ. 'ನಿನ್ನ ತಮ್ಮನಿಗೆ ಈಗ ಯಾರ ಮೇಲಾದ್ರೂ ಸಿಟ್ಟು ಬೇಕು. ಸಿಟ್ಟು ಇಲ್ದಿದ್ರೆ ಅವನು ಆ ಕೊಟ್ಟಿಗೇಲೇ ನೇಣು ಹಾಕ್ಕೋತಾನೆ. ನನ್ನ ಮೇಲೇ ಇರ್ಲಿ ಬಿಡು' ಅಂದ. ಆಮೇಲೆ ಒಂದು ವರ್ಷ ಹೋಯ್ತು, ಐದು ಹೋಯ್ತು. ಹೇಳ್ಲಾ ಅಂದಾಗೆಲ್ಲ ಇನ್ನೂ ಸ್ವಲ್ಪ ದಿನ ಅಂತಿದ್ದ. ಆಮೇಲೆ ಅವನಿಗೂ ಸಾಕಾಯ್ತು, ನನಗೂ ಸಾಕಾಯ್ತು."

ಐವರ್ ಬೆಂಚಿನ ಇನ್ನೊಂದು ತುದಿಯಲ್ಲಿ ಕುಸಿದ. ಅವನು ಅಳುತ್ತಾನೇನೋ ಎಂದುಕೊಂಡೆ. ಅಳಲಿಲ್ಲ. ಕೆಳಗಿನ ಖಾಲಿಯಾಗುತ್ತಿದ್ದ ಸಂತೆಯನ್ನು ನೋಡಿ, "ನೀನು ಹೇಳದೇ ಇದ್ದಿದ್ರೇ ಚೆನ್ನಾಗಿತ್ತು, ಎನಿಡ್" ಎಂದ. "ಅವನ ಮೇಲೆ ಸಿಟ್ಟಿಟ್ಕೊಂಡೇ ದಿನ ತಳ್ಳಿದೆ. ಈಗ ಅದೂ ಇಲ್ಲ. ಈ ವಯಸ್ಸಲ್ಲಿ ಇನ್ನೇನು ಇಟ್ಕೊಳ್ಲಿ?"

ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಆ ಜಾಗದಲ್ಲಿ ಅವಳ ಶೂ ಇತ್ತು.

ಆಗಲೇ ಗೇಟಿನಲ್ಲಿ ಸೀಟಿ ಕೇಳಿದ್ದು. ಗ್ವೆಂಡಾ ಏದುಸಿರು ಬಿಡುತ್ತ ಬಂದಳು. "ಲೆನ್! ನಲವತ್ತು ಜನ ಅಲ್ಲಿ ಕೂತು ನನ್ನ ಪ್ರಾಣ ತಿಂತಿದ್ದಾರೆ. ಇಬ್ರಿಗೆ ಮಾತ್ರೆ ತಗೊಳ್ಳೋ ಹೊತ್ತು. ಮತ್ತೆ ಇವಳು..."

"ಗ್ವೆಂಡಾ, ಇನ್ನು ಹತ್ತು ನಿಮಿಷ. ತಡ ಆಗಿದ್ದು ನನ್ನಿಂದ ಅಂತ ಹೇಳಿ" ಎಂದೆ.

ಅವಳು ಬೆಂಚಿನ ಕಡೆ ನೋಡಿದಳು. ಏನು ಅರ್ಥವಾಯಿತೋ, ನನ್ನ ಪಕ್ಕದ ಕಲ್ಲಿನ ಅಂಚಿನಲ್ಲಿ ಕೂತು, "ಅಬ್ಬಾ, ನನ್ನ ಮಂಡಿ" ಎಂದಳು. ಅವಳು ಸುಸ್ತಾಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೊನೆಗೆ ಎದ್ದವನು ಐವರ್. ತಳ್ಳುಗಾಡಿಯನ್ನು ಎನಿಡ್‌ಳ ಎದುರು ತಂದು ನಿಲ್ಲಿಸಿದ. "ಹತ್ತು."

"ನಾನೇನು ಚೀಸಿನ ಪೆಟ್ಟಿಗೇನಾ?"

"ಅದಕ್ಕಿಂತ ಹಗುರ ಇದೀಯ. ಹತ್ತು, ಕತ್ತಲಾಗುತ್ತೆ."

ಗಾಡಿಯಲ್ಲೇ ಇದ್ದ ಒಂದು ಖಾಲಿ ಪೆಟ್ಟಿಗೆಯನ್ನು ಅದರ ಅಡಿಯ ಹಲಗೆಯ ಮೇಲೆ ಬೋರಲು ಹಾಕಿ ಅವಳನ್ನು ಕೂರಿಸಿದೆವು. ಅವನು ಹಿಂದಕ್ಕೆ ವಾಲಿಸಿ ಹಿಡಿದ, ನಾನು ಮುಂದಿನಿಂದ ತಡೆದೆ, ಗ್ವೆಂಡಾ ಶೂ ಹಿಡಿದು ಪಕ್ಕದಲ್ಲಿ. ಸೇರಿಸಿದರೆ ಮುನ್ನೂರು ವರ್ಷಕ್ಕೆ ಹತ್ತಿರವಾದ ನಾಲ್ಕು ಜನ ಆ ಬೀದಿಯಲ್ಲಿ ಇಂಚು ಇಂಚಾಗಿ ಇಳಿದೆವು. ಪಬ್ಬಿನ ಬಾಗಿಲಲ್ಲಿ ಗ್ಲಾಸು ಹಿಡಿದು ನಿಂತಿದ್ದವನೊಬ್ಬ ಕೂಗಿದ:

"ಏನ್ ಐವರ್, ಅದನ್ನ ಎಷ್ಟಕ್ಕೆ ಕೊಡ್ತೀಯಾ?"

"ಇದು ಮಾರೋದಲ್ಲ ಕಣೋ. ವಾಪಸ್ ಬಂದ ಮಾಲು."

ಎನಿಡ್ ನಕ್ಕಳು. ಇಡೀ ದಿನದಲ್ಲಿ ನಕ್ಕದ್ದು ಅದೊಂದೇ ಸಲ. ಬಿದ್ದುಬಿಡುತ್ತೇನೆಂಬ ಭಯಕ್ಕೆ ಗಾಡಿಯ ಕಂಬಿಯನ್ನೂ ಹಿಂದಿದ್ದ ಅವನ ತೋಳನ್ನೂ ಒಟ್ಟಿಗೇ ಹಿಡಿದುಕೊಂಡಿದ್ದಳು.

ಬಸ್ಸಿನ ಬಾಗಿಲಲ್ಲಿ ಐವರ್ ಕೇಳಿದ, "ಮನೇಲಿ ಒಂದು ಹಾಸಿಗೆ ಖಾಲಿ ಇದೆ. ಇರ್ತೀಯಾ?"

"ಮಾತ್ರೆ ಎಲ್ಲಾ ಮನೇಲಿದೆ. ಬೆಕ್ಕೂ ಇದೆ" ಎಂದಳು. ನೆಪವೋ ನಿಜವೋ ತಿಳಿಯದು, ಆದರೆ ಅವನ ಮುಖದಲ್ಲಿ ಸ್ವಲ್ಪ ನಿರಾಳವೇ ಕಂಡಿತು. ಒಂದೇ ದಿನಕ್ಕೆ ಇಬ್ಬರಿಗೂ ಅಷ್ಟೇ ಸಾಧ್ಯವಿತ್ತು.

"ಭಾನುವಾರ ಫೋನ್ ಮಾಡ್ತೀನಿ" ಎಂದ.

"ನಂಬರ್ ಇದ್ಯಾ?"

"ಹಳೇದೇನಾ?"

"ಹಳೇದೇ."

"ಹಾಗಾದ್ರೆ ಇದೆ."

ಒಂದು ಗಂಟೆ ಹತ್ತು ನಿಮಿಷ ತಡವಾಗಿ ಹೊರಟೆವು. ಮೊದಲ ತಿರುವಿನವರೆಗೂ ಹಿಂದಿನವರು ಗೊಣಗಿದರು. ಗ್ವೆಂಡಾ ಎದ್ದು ನಿಂತು ಏನೋ ಹೇಳಿದಳು, ಗೊಣಗಾಟ ನಿಂತಿತು. ಊರು ದಾಟುವ ಮೊದಲೇ ಎನಿಡ್ ನಿದ್ದೆ ಹೋಗಿದ್ದಳು. ಡಡ್ಲಿಯಲ್ಲಿ ಗ್ವೆಂಡಾ ಅವಳನ್ನು ತೋಳು ಹಿಡಿದು ಇಳಿಸಿ, ತನ್ನ ಕಾರಿನಲ್ಲೇ ಮನೆಗೆ ಕರೆದುಕೊಂಡು ಹೋದಳು. ಮರುದಿನ ಡಿಪೋ ಮ್ಯಾನೇಜರ್ ನನ್ನನ್ನು ಕರೆದು ಕಾಲು ಗಂಟೆ ಉಪದೇಶ ಮಾಡಿದ. ಪ್ರಯಾಣಿಕರೊಬ್ಬರಿಗೆ ಕಾಲು ನೋವಾಗಿತ್ತು ಎಂದಷ್ಟೇ ಹೇಳಿ, ಅವನು ಮುಗಿಸುವವರೆಗೂ ಕುರ್ಚಿಯಲ್ಲಿ ಕೂತಿದ್ದೆ.

ಉಳಿದದ್ದು ಗ್ವೆಂಡಾಳಿಂದ ಕೇಳಿದ್ದು. ಐವರ್ ಆ ಭಾನುವಾರ ಫೋನ್ ಮಾಡಲಿಲ್ಲ. ಅದರ ಮುಂದಿನ ಭಾನುವಾರ ಮಾಡಿದನಂತೆ. ಇಬ್ಬರೂ ನಾಲ್ಕು ನಿಮಿಷ ಹವಾಮಾನದ ಮಾತಾಡಿ ಇಟ್ಟರಂತೆ. ಕ್ರಿಸ್‌ಮಸ್ಸಿಗೆ ತನ್ನ ವ್ಯಾನಿನಲ್ಲಿ ಡಡ್ಲಿಗೆ ಬಂದು ಮೂರು ದಿನ ಇದ್ದ. ಪುಟ್ಟ ಎಲೆಕೋಸನ್ನು ಎಷ್ಟು ಹೊತ್ತು ಬೇಯಿಸಬೇಕು ಎಂಬುದಕ್ಕೆ ಜಗಳವಾಡಿದರು, ಟೀವಿಯ ದನಿ ಹೆಚ್ಚಾಯಿತೆಂದು ಜಗಳವಾಡಿದರು, ಉಳಿದ ಹೊತ್ತು ಇಬ್ಬರೂ ಕುರ್ಚಿಯಲ್ಲೇ ತೂಕಡಿಸಿದರು. ಹೊರಡುವ ದಿನ ಬೆಳಗ್ಗೆ, ಎನಿಡ್ ಕೇಳದಿದ್ದರೂ, ಐವರ್ ತಾನಾಗಿ ರೊನಾಲ್ಡ್‌ನ ಸಮಾಧಿ ಎಲ್ಲಿದೆ ಎಂದು ವಿಚಾರಿಸಿದ. ಅವಳು ಕಾರಿಡಾರಿನಲ್ಲಿ ಕೋಟು ಹುಡುಕುವಷ್ಟರಲ್ಲಿ ಒಬ್ಬನೇ ಹೋಗಿ, ಅರ್ಧ ಗಂಟೆಯಲ್ಲಿ ಮಂಜಿಗೆ ಮೂಗು ಕೆಂಪಾಗಿ ವಾಪಸು ಬಂದ.

"ಏನು ಹೇಳ್ದೆ ಅವನಿಗೆ?" ಎಂದು ಕೇಳಿದಳಂತೆ ಎನಿಡ್.

"ಏನೂ ಹೇಳ್ಲಿಲ್ಲ" ಎಂದನಂತೆ. "ನಿಂತಿದ್ದೆ, ಅಷ್ಟೆ."